ಯಾರೂ ಕಳಿಸದ ಅಂಕಿ

ಬೆಳಿಗ್ಗೆ ಎಂಟರಿಂದ ಎಂಟೂವರೆಯೊಳಗೆ ಇಡೀ ಕೊಡಗಿನ ಮಳೆ ನನ್ನ ಮೇಜಿಗೆ ಬಂದು ಬೀಳುತ್ತಿತ್ತು. ಭಾಗಮಂಡಲದ ಕಡೆ ಬಿಡದೆ ಹೊಡೆದದ್ದು, ನಾಪೋಕ್ಲಿನ ಗದ್ದೆಗೆ ಇಳಿದದ್ದು, ಕುಶಾಲನಗರದಲ್ಲಿ ಕಾಟಾಚಾರಕ್ಕೆ ನಾಲ್ಕು ಹನಿ ಉದುರಿಸಿ ಹೋದದ್ದು, ಎಲ್ಲವೂ ಒಂದೊಂದು ಸಾಲಿನ ಮೆಸೇಜಾಗಿ ಬರುತ್ತಿದ್ದವು. ಮಡಿಕೇರಿಯ ಮಳೆ ಮಾಹಿತಿ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಆ ಅರ್ಧ ಗಂಟೆ ನನಗೆ ಒಂದು ದಿನವೂ ಮಾಮೂಲಿ ಅನ್ನಿಸಲಿಲ್ಲ. ಅಷ್ಟೊಂದು ಜನ, ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ಹೊತ್ತಿಗೆ ಅಂಗಳಕ್ಕೆ ಇಳಿದು ಮಳೆ ಅಳೆಯುತ್ತಾರಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊಸದಾಗಿ ಆ ಕುರ್ಚಿಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದವರು ಯಾರು ಎಂಬುದೆಲ್ಲ ನಿಮಗೆ ಬೇಕಾಗಿಲ್ಲ. ನಾನು ಮಾಡಿದ ತಪ್ಪುಗಳು ಬೇಕಾಗುತ್ತವೆ. ಅವು ಬೇಕಾದಷ್ಟಿವೆ.

ಮೊದಲನೆಯದು ಸೇರಿದ ತಿಂಗಳಲ್ಲೇ ಆಯಿತು. ಆಗ ಎಲ್ಲ ಫೋನಿನಲ್ಲಿ. ನಾನು ಶನಿವಾರಸಂತೆ ಕಡೆಯ ರೈತರ ಮನೆಯವಳು, ನಮ್ಮಲ್ಲಿ ಮಳೆ ಹದವಾಗಿ ಬಂತು ಎಂದು ಹೇಳುತ್ತಿದ್ದರೇ ಹೊರತು ಅಳೆಯುತ್ತಿರಲಿಲ್ಲ. ಓದಿದ್ದು ಮಿಲಿಮೀಟರಿನಲ್ಲಿ. ಆದರೆ ಕಾಫಿ ತೋಟದವರ ಮಳೆ ಇಂಚು, ಸೆಂಟು. ನೂರು ಸೆಂಟು ಸೇರಿದರೆ ಒಂದು ಇಂಚು. ಬಿಟ್ಟಂಗಾಲದ ತೋಟದ ಯಜಮಾನಿ ಮುತ್ತಮ್ಮ ಫೋನು ಮಾಡಿ "ಮೂರು ಇಪ್ಪತ್ತು" ಎಂದರು. ನಾನು ಮೂರು ಮಿಲಿಮೀಟರ್ ಚಿಲ್ಲರೆ ಎಂದು ಬರೆದುಕೊಂಡೆ. ಮಾರನೇ ದಿನ ಪೇಪರಿನಲ್ಲಿ ಬಿಟ್ಟಂಗಾಲಕ್ಕೆ ತುಂತುರು ಮಳೆ ಎಂದು ಬಂತು. ಆಯಮ್ಮ ಫೋನು ಮಾಡಿ ಕೇಳಿದ್ದು ಒಂದೇ ಮಾತು: ನಮ್ಮ ತೋಟದ ಮಳೆಯನ್ನೆಲ್ಲ ನೀವೇ ಕುಡಿದಿರಾ ಅಂತ. ಮುಂದೆ ಮೈಸೂರಿನಿಂದ ಬಂದ ಒಬ್ಬ ಎಂಜಿನಿಯರು, ಸೆಂಟು ಅಂದರೆ ಜಾಗದ ಅಳತೆಯಲ್ಲವೇ, ಮಳೆ ಎಷ್ಟು ಸೆಂಟು ಜಾಗದಲ್ಲಿ ಬಿತ್ತು ಅಂತ ಹೇಳುತ್ತಿದ್ದಾರಾ ಎಂದು ಕೇಳಿದಾಗ ನಾನು ನಗಲಿಲ್ಲ. ನಗುವ ಯೋಗ್ಯತೆ ನನಗಿರಲಿಲ್ಲ.

ಆಮೇಲೆ ಮೊಬೈಲು ಬಂತು, ಮೆಸೇಜು ಬಂತು. ಮೆಸೇಜನ್ನು ಕಂಪ್ಯೂಟರೇ ಓದಲಿ ಎಂದಾಯಿತು. ಕಂಪ್ಯೂಟರಿಗೆ ಓದಲು ಬರಬೇಕಾದರೆ, ಬರುವ ಸಾಲಿನಲ್ಲಿ ಏನೇನಿರುತ್ತದೆ, ಯಾವುದು ಹೆಸರು, ಯಾವುದು ಅಂಕಿ ಎಂದು ಮೊದಲೇ ಒಂದು ಪಟ್ಟಿ ಬರೆದುಕೊಡಬೇಕು. ಅದಕ್ಕೆ ಸ್ಕೀಮಾ ಎನ್ನುತ್ತಾರೆ. ತರಬೇತಿಗೆ ಹೋಗಿ ಬಂದವಳು ನಾನೊಬ್ಬಳೇ ಆದ್ದರಿಂದ ಸ್ಕೀಮಾ ಬರೆಯುವುದು ನನ್ನ ತಲೆಗೆ ಬಂತು. ಎಸ್ ಎಂದರೆ ಸ್ಟೇಷನ್, ಆರ್ ಎಂದರೆ ಮಳೆ, ಟಿ ಎಂದರೆ ಗಂಟೆ, ಎಲ್ ಎಂದರೆ ಹತ್ತಿರದ ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನ ಮಟ್ಟ. ಇದೇ ಕ್ರಮದಲ್ಲಿ ಕಳಿಸಬೇಕು ಎಂದು ಹಾಳೆ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದೆ.

ಯಾರು ಕೇಳುತ್ತಾರೆ? ನಮ್ಮ ಅಳತೆಗಾರರಲ್ಲಿ ಶಾಲೆಯ ಮೇಷ್ಟ್ರು, ಪಂಚಾಯಿತಿಯವರು, ಅಂಗಡಿಯವರು, ಎಸ್ಟೇಟಿನ ರೈಟರುಗಳು ಎಲ್ಲರೂ ಇದ್ದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ, ಮೆಸೇಜಿನಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮ. ಮೇಷ್ಟ್ರು ಗಂಟೆಯಿಂದ ಶುರು ಮಾಡುತ್ತಿದ್ದರು. ನಾಪೋಕ್ಲಿನ ಅಂಗಡಿಯವರು ಮೊದಲು ಮಳೆ ಹೇಳಿ ಹೆಸರನ್ನು ಕೊನೆಗೆ ಹಾಕುತ್ತಿದ್ದರು. ಕ್ರಮ ತಪ್ಪಿದ ಮೆಸೇಜನ್ನೆಲ್ಲ ಕಂಪ್ಯೂಟರು ಎತ್ತಿ ಆಚೆಗೆಸೆಯಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಬ್ಬೊಬ್ಬರಿಗೂ ಫೋನು ಮಾಡಿ ಬೈದೆ. ನಮ್ಮ ಮುಖ್ಯಸ್ಥರು ಉತ್ತಯ್ಯ ಸಾರ್, ಮೇ ತಿಂಗಳಲ್ಲೂ ಸ್ವೆಟರ್ ಬಿಚ್ಚದ ಮನುಷ್ಯ, ಒಂದು ವಾರ ಸುಮ್ಮನೆ ನೋಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ಐವತ್ತು ಜನರನ್ನು ತಿದ್ದುವುದು ಸುಲಭವೋ ಒಂದು ಪಟ್ಟಿಯನ್ನು ತಿದ್ದುವುದು ಸುಲಭವೋ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹೋದರು.

ಹಾಗೆ ನಾನು ಕ್ರಮವಿಲ್ಲದ ಗುಂಪು ಎಂಬುದನ್ನು ಕಲಿತೆ. ಸ್ಕೀಮಾದಲ್ಲಿ ಹಾಗೆ ಬರೆಯಲು ಅವಕಾಶವಿದೆ. ಈ ನಾಲ್ಕು ತುಂಡು ಬರುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತಿಲ್ಲ, ಬಂದ ಹಾಗೆ ತೆಗೆದುಕೋ ಎಂದು ಹೇಳಬಹುದು. ಕಂಪ್ಯೂಟರು ಒಂದು ತುಂಡು ಎತ್ತಿಕೊಂಡು ಪಟ್ಟಿಯ ಮೇಲಿನಿಂದ ಕೆಳಗೆ ಬರುತ್ತದೆ. ಇದು ಸ್ಟೇಷನ್ನಾ? ಅಲ್ಲ. ಮಳೆಯಾ? ಅಲ್ಲ. ಗಂಟೆಯಾ? ಹೌದು, ಇಟ್ಟುಕೋ. ಎಲ್ಲ ಮುಗಿದ ಮೇಲೆ ತಾನೇ ಪಟ್ಟಿಯ ಕ್ರಮಕ್ಕೆ ಜೋಡಿಸಿ ಕೊಡುತ್ತದೆ. ಅದು ನಡೆದ ಮೊದಲ ಬೆಳಿಗ್ಗೆ ಒಂದೇ ಒಂದು ಮೆಸೇಜೂ ಆಚೆ ಬೀಳಲಿಲ್ಲ. ಮೇಷ್ಟ್ರದು, ಅಂಗಡಿಯವರದು, ಮುತ್ತಮ್ಮನದು, ಎಲ್ಲರದೂ ಅವರವರು ಮಾತಾಡುವ ರೀತಿಯಲ್ಲೇ ಬಂದು ನನ್ನ ಪರದೆಯ ಮೇಲೆ ಸಾಲಾಗಿ ನಿಂತವು. ಅಬ್ಬಾ ಎಂದು ಬಾಯಿಬಿಟ್ಟೇ ಹೇಳಿದೆ. ಇಷ್ಟು ಗೊಂದಲದೊಳಗೆ ಇಷ್ಟು ಅಚ್ಚುಕಟ್ಟು ಅಡಗಿತ್ತೇ ಎಂದು ಕಾಫಿ ಕುಡಿಯುವುದನ್ನೂ ಮರೆತು ನೋಡಿದೆ.

ಒಂದು ತೊಡಕು ಉಳಿಯಿತು. ನಮ್ಮವರು ಮಳೆ ಬಾರದ ದಿನ ಸೊನ್ನೆ ಎಂದು ಕಳಿಸುವುದಿಲ್ಲ. ಮಳೆಯ ಮಾತನ್ನೇ ಎತ್ತುವುದಿಲ್ಲ. ಇಲ್ಲದ್ದನ್ನು ಏನಂತ ಹೇಳುವುದು ಎಂಬುದು ಅವರ ವಾದ. ಆದ್ದರಿಂದ ಮಳೆಯ ತುಂಡು ಬಾರದಿದ್ದರೆ ಸೊನ್ನೆ ಎಂದು ತಿಳಿ ಎಂದು ಬರೆದೆ. ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಆಮೇಲೊಂದು ವರ್ಷ, ಮುಂಗಾರಿಗೆ ಮೊದಲು, ಮೂರು ದಿನದ ಮೊತ್ತ ಬೇಕು ಎಂದಾಯಿತು. ನಮ್ಮಲ್ಲಿ ಬರೆ ಜರಿಯುವುದು, ಅಂದರೆ ಗುಡ್ಡದ ಕಡಿದಾದ ಮೈ ಕುಸಿದು ಕೆಳಗೆ ಬರುವುದು, ಒಂದು ದಿನದ ಮಳೆಗಲ್ಲ. ಮೂರು ದಿನ ಕುಡಿದ ನೆಲ ನಾಲ್ಕನೇ ದಿನ ತಡೆಯುವುದಿಲ್ಲ. ಮೊತ್ತ ಹನ್ನೆರಡು ಇಂಚು ದಾಟಿದರೆ ಆ ಸ್ಟೇಷನ್ನು ಪರದೆಯ ಮೇಲೆ ಕೆಂಪಾಗಬೇಕು, ಜಾಗ ಬಿಡಿ ಎಂಬ ಮೆಸೇಜು ಅಲ್ಲಿನವರಿಗೆ ತಾನಾಗಿ ಹೋಗಬೇಕು. ಈ ಮೊತ್ತವನ್ನು ಅಳತೆಗಾರರು ಕಳಿಸುವುದಿಲ್ಲ. ಹಿಂದಿನ ಎರಡು ದಿನದ ಮಳೆ ನಮ್ಮಲ್ಲಿರುತ್ತದೆ, ಇವತ್ತಿನದು ಮೆಸೇಜಿನಲ್ಲಿ ಬರುತ್ತದೆ, ಕೂಡುವುದು ಕಂಪ್ಯೂಟರು. ಸ್ಕೀಮಾದಲ್ಲಿ ಇಂಥದ್ದನ್ನು ಲೆಕ್ಕದ ಅಂಶ ಎಂದು ಬರೆಯಬಹುದು. ಮೆಸೇಜಿನಲ್ಲಿ ಎಲ್ಲೂ ಇಲ್ಲದ ಒಂದು ಅಂಕಿ ಬೇರೆಯವುಗಳ ಜೊತೆ ಸಮಸಮನಾಗಿ ಹುಟ್ಟಿಕೊಂಡು ಬರುವುದು ನನಗೆ ಪವಾಡವಾಗಿಯೇ ಕಂಡಿತ್ತು.

ಉತ್ತಯ್ಯ ಸಾರ್‌ಗೆ ಪರದೆಯ ಮೇಲಿನ ಯಾವ ಅಂಕಿ ಕಂಡರೂ ಇದನ್ನು ಯಾರು ಕಳಿಸಿದ್ದು ಎಂದು ಕೇಳುವ ಚಾಳಿ. ಮೊತ್ತ ತೋರಿಸಿದಾಗಲೂ ಕೇಳಿದರು. ಯಾರೂ ಕಳಿಸಿದ್ದಲ್ಲ ಸಾರ್, ಅದೇ ಬರುತ್ತದೆ ಎಂದೆ.

"ಯಾರೂ ಕಳಿಸದ ನಂಬರಿಗೆ ನಾನು ಸೈನ್ ಹಾಕುದಾ ಗಿರಿಜಾ?" ಎಂದರು.

ಹಳೇ ಕಾಲದವರು ಎಂದು ಒಳಗೊಳಗೇ ನಕ್ಕೆ. ಮೊತ್ತ ಮಳೆಗೆ ಸಂಬಂಧಿಸಿದ್ದಲ್ಲವೇ, ನೋಡಲು ಚೆಂದವಿರಲಿ ಎಂದು ಅದನ್ನು ಅದೇ ಕ್ರಮವಿಲ್ಲದ ಗುಂಪಿನೊಳಗೆ, ಮಳೆಯ ಕೆಳಗೇ ಬರೆದುಬಿಟ್ಟೆ.

ಆ ಮುಂಗಾರಿನ ಒಂದು ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ನಾಪೋಕ್ಲಿನಿಂದ ಮೇಲಕ್ಕೆ ಗುಡ್ಡದ ಮೇಲಿನ ಒಂದು ಎಸ್ಟೇಟಿನ ರೈಟರ್ ವೇಲಾಯುಧನ್. ರೈಟರ್ ಅಂದರೆ ತೋಟದ ಹಾಜರಿ, ಪಿಕಿಂಗಿನ ತೂಕ ಎಲ್ಲ ಬರೆಯುವವರು. ವರ್ಷಗಟ್ಟಲೆ ದಿನ ತಪ್ಪದೆ ಮೆಸೇಜು ಕಳಿಸುತ್ತಿದ್ದರೂ ಅವರು ಫೋನು ಮಾಡಿದವರಲ್ಲ.

"ಮೇಡಂ, ನಿಮ್ಮ ಕೆಂಪು ಇನ್ನೂ ಬಂದಿಲ್ಲ" ಎಂದರು.

ಪರದೆ ನೋಡಿದೆ. ಅವರ ಸ್ಟೇಷನ್ನು ಹಳದಿಯಲ್ಲಿತ್ತು, ಕೆಂಪಿಗೆ ಒಂದು ಮೆಟ್ಟಿಲು ಕೆಳಗೆ. ಮೊತ್ತ ಒಂಬತ್ತು ಇಂಚು ಮೂವತ್ತು ಸೆಂಟು. ಕೆಂಪಾದರೆ ಮೆಸೇಜು ತಾನಾಗಿ ಬರುತ್ತದೆ, ಬಂದಿಲ್ಲ ಎಂದರೆ ಆಗಿಲ್ಲ ಎಂದರ್ಥ, ಇಲ್ಲವೇ ನೀವು ಕಳಿಸಿದ್ದರಲ್ಲೇ ತಪ್ಪಿರಬೇಕು ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ನನ್ನ ಸ್ಕೀಮಾದ ಮೇಲೆ ನನಗೆ ಅಷ್ಟು ಭರವಸೆ.

ಅವರು ದನಿ ಏರಿಸಲಿಲ್ಲ. ಬರೆಯ ಬುಡದಲ್ಲೇ ಕೆಲಸಗಾರರ ಲೈನು ಇದೆ, ಹನ್ನೊಂದು ಮನೆ ಸಾಲಾಗಿ. ಹಿಂದಿನ ವಾರ ಯಾರೋ ಮೊಬೈಲಿನಲ್ಲಿ ಹಬ್ಬಿಸಿದ ಸುಳ್ಳು ಸುದ್ದಿ ನಂಬಿ ಎಲ್ಲರೂ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಶಾಲೆಗೆ ಹೋಗಿ, ಏನೂ ಆಗದೆ ವಾಪಸ್ಸು ಬಂದಿದ್ದರು. ಈಗ ತಾನು ಎಷ್ಟು ಹೇಳಿದರೂ ಏಳುವುದಿಲ್ಲ, ಮಡಿಕೇರಿಯಿಂದ ಕೆಂಪು ಬಂದರೆ ಮಾತ್ರ ಏಳುತ್ತೇವೆ ಎಂದು ಕೂತಿದ್ದಾರೆ. ಇಷ್ಟು ಹೇಳಿ ಅವರು ಕೊನೆಗೆ ಹೀಗೆಂದರು:

"ಪುಸ್ತಕ ನೋಡಿ ಓದ್ತೇನೆ ಮೇಡಂ. ಮೊನ್ನೆ ನಾಲ್ಕು ಇಂಚು ಇಪ್ಪತ್ತು ಸೆಂಟು. ನಿನ್ನೆ ಐದು ಹತ್ತು. ಇವತ್ತು ಆರು ಮೂವತ್ತೈದು. ನೀವೇ ಕೂಡಿ."

ಕ್ಯಾಲೆಂಡರಿನ ಹಾಳೆಯ ಹಿಂದೆ ಕೂಡಿದೆ. ಹದಿನೈದು ಇಂಚು ಅರವತ್ತೈದು ಸೆಂಟು. ಇನ್ನೊಮ್ಮೆ ಕೂಡಿದೆ. ಪರದೆಯ ಮೇಲೆ ಇವತ್ತಿನ ಆರು ಮೂವತ್ತೈದು ಸರಿಯಾಗಿಯೇ ಇತ್ತು, ಅದರ ಕೆಳಗೆ ಮೊತ್ತ ಒಂಬತ್ತು ಮೂವತ್ತು ಎಂದು ಏನೂ ಅರಿಯದ ಹಾಗೆ ಕೂತಿತ್ತು.

ಓಡಿಹೋಗಿ ಉತ್ತಯ್ಯ ಸಾರ್‌ಗೆ ಹೇಳಿದೆ. ಐದು ನಿಮಿಷ ಕೊಡಿ ಸಾರ್, ಎಲ್ಲಿ ತಪ್ಪಿದೆ ನೋಡುತ್ತೇನೆ ಎಂದೂ ಸೇರಿಸಿದೆ. ನೋಡಿ, ಆ ಹೊತ್ತಿನಲ್ಲೂ ನನಗೆ ನನ್ನ ಸ್ಕೀಮಾದ ಚಿಂತೆ.

"ಅದು ಆಮೇಲೆ ನೋಡುವ. ಆ ಮನುಷ್ಯ ಎಷ್ಟು ಹೇಳಿದ್ರು?"

"ಹದಿನೈದು ಅರವತ್ತೈದು ಸಾರ್."

"ಅದು ಅವರು ಕಳಿಸಿದ್ದು ಉಂಟಲ್ಲ. ಅದಕ್ಕೆ ನಾನು ಸೈನ್ ಹಾಕ್ತೇನೆ. ಕೆಂಪು ಕಳಿಸಿ."

ಕಂಪ್ಯೂಟರನ್ನು ಪಕ್ಕಕ್ಕಿಟ್ಟು ನನ್ನ ಕೈಯಾರೆ ಮೆಸೇಜು ಟೈಪು ಮಾಡಿ ಕಳಿಸಿದೆ. ಮೂರು ಸಲ ಅಕ್ಷರ ತಪ್ಪಿತು. ಆಮೇಲೆ ಆಫೀಸಿನವರೆಲ್ಲ ಹಾಳೆ ಹಂಚಿಕೊಂಡು ಉಳಿದ ಸ್ಟೇಷನ್ನುಗಳ ಮೊತ್ತವನ್ನು ಪೆನ್ನಿನಲ್ಲಿ ಕೂಡಿದೆವು. ಇನ್ನೆರಡು ಕಡೆ ತಪ್ಪಿತ್ತು, ಎರಡೂ ಮಳೆ ಕಡಿಮೆಯಿರುವ ಜಾಗ. ಹನ್ನೊಂದೂವರೆಗೆ ವೇಲಾಯುಧನ್ ಫೋನು ಮಾಡಿ ಹನ್ನೊಂದು ಮನೆಯವರೂ ಶಾಲೆ ಸೇರಿದರು ಎಂದರು. ಮಧ್ಯಾಹ್ನ ಎರಡರ ಹೊತ್ತಿಗೆ ಬರೆ ಜರಿದು ಲೈನಿನ ನಾಲ್ಕು ಮನೆಗಳನ್ನು ನೆಲಸಮ ಮಾಡಿತು. ಉಳಿದವುಗಳ ಕಿಟಕಿಯವರೆಗೆ ಮಣ್ಣು ನಿಂತಿತ್ತಂತೆ. ಸುದ್ದಿ ಕೇಳಿ ನಾನು ಬಾತ್ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸಂಜೆಗೆ ಮೊದಲೇ ತಪ್ಪು ಸಿಕ್ಕಿತು. ಗುಂಪಿನಲ್ಲಿರುವ ಬೇರೆ ಅಂಶಗಳಿಗೆಲ್ಲ ಮೆಸೇಜಿನ ಒಂದು ತುಂಡು ಬೇಕು. ಲೆಕ್ಕದ ಅಂಶಕ್ಕೆ ಏನೂ ಬೇಡ. ಹಾಗಾಗಿ ಕಂಪ್ಯೂಟರು ಪಟ್ಟಿ ಇಳಿಯುತ್ತಾ ಅದರ ಹತ್ತಿರ ಬಂದ ಕೂಡಲೇ, ಯಾವ ತುಂಡು ಕೈಯಲ್ಲಿದ್ದರೂ, ಇದು ಆಗುತ್ತದೆ ಎಂದು ಅಲ್ಲೇ ಲೆಕ್ಕ ಮುಗಿಸಿಬಿಡುತ್ತದೆ. ಹೆಚ್ಚಿನವರು ಹೆಸರಾದ ಮೇಲೆ ಮಳೆ ಹೇಳುತ್ತಿದ್ದರು, ಆದ್ದರಿಂದ ಮೊತ್ತದ ಸರದಿ ಬರುವಾಗ ಮಳೆ ಬಂದು ಕೂತಿರುತ್ತಿತ್ತು. ವೇಲಾಯುಧನ್ ಮಳೆಯನ್ನು ಕೊನೆಗೆ ಹೇಳುವವರು. ಅವರ ಗಂಟೆಯ ತುಂಡನ್ನು ಹಿಡಿದು ಪಟ್ಟಿ ಇಳಿಯುವಾಗಲೇ ಮೊತ್ತ ಮುಗಿದಿತ್ತು. ಮಳೆ ಇನ್ನೂ ಬಂದಿಲ್ಲವಲ್ಲ ಎಂದು ಕಂಪ್ಯೂಟರು ಕೂಗಿಕೊಳ್ಳಬೇಕಿತ್ತು. ಕೂಗಲಿಲ್ಲ, ಏಕೆಂದರೆ ಬಾರದಿದ್ದರೆ ಸೊನ್ನೆ ಎಂದು ನಾನೇ ಹೇಳಿಕೊಟ್ಟಿದ್ದೆ. ಕೊನೆಗೆ ಎಲ್ಲವನ್ನೂ ಪಟ್ಟಿಯ ಕ್ರಮಕ್ಕೆ ಜೋಡಿಸಿದಾಗ ಮಳೆ ಮೇಲೆ, ಮೊತ್ತ ಕೆಳಗೆ. ನೋಡಿದವರಿಗೆ ಮಳೆ ನೋಡಿಯೇ ಕೂಡಿದ್ದಾರೆ ಎನ್ನಿಸಬೇಕು. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ. ಹೆದರಿಕೆಯಾಯಿತು ನನಗೆ.

ಸರಿ ಮಾಡಲು ಹತ್ತು ನಿಮಿಷ ಹಿಡಿಯಿತು. ಮೊತ್ತದ ಸಾಲನ್ನು ಗುಂಪಿನಿಂದ ಹೊರಗೆ ತೆಗೆದು, ಗುಂಪು ಮುಗಿದ ಮೇಲೆ ಬರೆದೆ, ಅಷ್ಟೇ. ನೀವು ಯಾವ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೂ ಇದೊಂದನ್ನು ಮರೆಯಬೇಡಿ. ಯಾವಾಗ ಯಾವುದು ಬರುತ್ತದೋ ಗೊತ್ತಿಲ್ಲದ ಕಡೆ ಲೆಕ್ಕವನ್ನು ನಡುವೆ ಕೂರಿಸಬೇಡಿ. ಕೆಲವು ಸಾಫ್ಟ್‌ವೇರ್ ಇದನ್ನು ತಪ್ಪು ಎಂದು ಮೊದಲೇ ಹೇಳಿ ನಿಲ್ಲಿಸುತ್ತದೆ. ನಮ್ಮದು ಹೇಳುತ್ತಿರಲಿಲ್ಲ.

ದಾರಿಯ ಮಣ್ಣು ತೆಗೆದ ಮೇಲೆ ಒಂದು ದಿನ ರಜೆ ಹಾಕಿ ನಾಪೋಕ್ಲಿಗೆ ಬಸ್ಸು ಹತ್ತಿದೆ. ಅಲ್ಲಿಂದ ಎಸ್ಟೇಟಿನ ಜೀಪು. ತಪ್ಪು ನನ್ನದು ಎಂದು ಆ ಮನುಷ್ಯನ ಎದುರಿಗೆ ನಿಂತು ಹೇಳದಿದ್ದರೆ ಅನ್ನ ಇಳಿಯುವುದಿಲ್ಲ ಎನ್ನುವ ಸ್ಥಿತಿ ನನ್ನದು. ಅಷ್ಟು ವರ್ಷ ಮೆಸೇಜು ನೋಡಿ ಎತ್ತರದ ಆಳು ಎಂದು ಕಲ್ಪಿಸಿಕೊಂಡಿದ್ದೆ. ಬಂದದ್ದು ನನ್ನ ಭುಜಕ್ಕೆ ಬರುವ ಸಣ್ಣ ಮನುಷ್ಯ, ಕೈಯಲ್ಲಿ ದೊಡ್ಡ ಕೊಡೆ. ಮೊದಲು ಬರೆ ತೋರಿಸಿದರು. ಗುಡ್ಡದ ಅರ್ಧ ಮೈ ಕೆಂಪಗೆ ಬಿಚ್ಚಿಕೊಂಡಿತ್ತು. ಬೇರು ಮೇಲಾದ ಸಿಲ್ವರ್ ಓಕ್ ಮರಗಳು, ಅವುಗಳ ಕೆಳಗೆ ಒಂದು ಮನೆಯ ನೀಲಿ ಬಾಗಿಲು ಮಾತ್ರ ಕಾಣುತ್ತಿತ್ತು. ಮನುಷ್ಯರು ಎಷ್ಟು ಸಣ್ಣವರು ಎಂದು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಜನರನ್ನು ಹಳೇ ಗೋದಾಮಿನಲ್ಲಿ ಇಳಿಸಿದ್ದರು. ಒಬ್ಬಳು ಮುದುಕಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಮಡಿಕೇರಿ ಕೆಂಪು ನೀವೇನಾ ಅಮ್ಮಾ?" ಎಂದಳು. ನೀಲಿ ಬಾಗಿಲು ಅವಳ ಮನೆಯದಂತೆ. ಬೆಲ್ಲ ಹಾಕಿದ ಕರಿಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ವೇಲಾಯುಧನ್ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಎಲ್ಲ ಬಂದು ಮುಗಿದ ಮೇಲೆ ಹಾಕಬೇಕಾದ ಲೆಕ್ಕವನ್ನು ನಡುವೆ ಹಾಕಿದ್ದೆ, ಅದಕ್ಕೇ ನಿಮಗೆ ಕೆಂಪು ಬರಲಿಲ್ಲ ಎಂದೆ.

ಹಾಜರಿ ಕೂಗಿ ಮುಗಿಯುವ ಮೊದಲೇ ಕೆಳಗೆ ಒಟ್ಟು ಬರೆದ ಹಾಗಾ ಎಂದು ಅವರು ಕೇಳಿದರು. ಹೌದು, ಅದೇ, ಎಂದೆ. ನಾನು ತರಬೇತಿಗೆ ಹೋಗಿ ಕಲಿತು ಬಂದದ್ದನ್ನು ಈ ಮನುಷ್ಯ ಒಂದೇ ಮಾತಿಗೆ ಹಿಡಿದರಲ್ಲ ಎಂದು ಬೆಪ್ಪಾದೆ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ನಾಳೆಯಿಂದ ತಾನು ಮಳೆಯನ್ನೇ ಮೊದಲು ಹೇಳಲಾ, ಕಂಪ್ಯೂಟರಿಗೆ ಸುಲಭವಾಗುತ್ತದಾ ಎಂದು ಕೇಳಿದರು.

ಬೇಡ, ನಿಮಗೆ ಅಭ್ಯಾಸವಿದ್ದ ಹಾಗೇ ಕಳಿಸಿ ಎಂದೆ. ಆದರೆ ಎಲ್ಲರೂ ಮೊದಲು ಹೇಳುವ ಮಳೆಯನ್ನು ನೀವು ಯಾಕೆ ಕೊನೆಗೆ ಹೇಳುತ್ತೀರಿ ಎಂದು ಕೇಳದೆ ಇರಲಾಗಲಿಲ್ಲ.

"ಮಳೆ ಮೊದಲು ಹೇಳಿದ್ರೆ ಉಳಿದದ್ದು ಯಾರೂ ಕೇಳುದಿಲ್ಲ ಮೇಡಂ. ಬಿಳಿ ದೊರೆಗಳ ಕಾಲದಿಂದ ಎಲ್ಲಾ ಎಸ್ಟೇಟ್ ಆಫೀಸಲ್ಲೂ ಹಾಗೇ. ಅದಕ್ಕೆ ನಾನು ಜನ ಎಷ್ಟು ಅಂತ ಹೇಳಿ ಆಮೇಲೆ ಮಳೆ ಹೇಳುದು."

"ಯಾವ ಜನ?"

"ಲೈನಲ್ಲಿ ಎಷ್ಟು ಜನ ಮಲಗಿದ್ದಾರೆ ಅಂತ. ದಿನಾ ಕಳಿಸ್ತೇನಲ್ಲ, ಪಿ ಅಂತ ಹಾಕಿ. ಏನಾದ್ರೂ ಆದ್ರೆ ಎಷ್ಟು ಜನರನ್ನು ಹುಡುಕಬೇಕು ಅಂತ ಅಲ್ಲಿ ನಿಮಗೆ ಗೊತ್ತಿರಬೇಕಲ್ಲ."

ನನ್ನ ಸ್ಕೀಮಾದಲ್ಲಿ ಪಿ ಎಂಬುದೇ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಅಕ್ಷರ ಬಂದರೆ ಕಸವೆಂದು ಬಿಸಾಕು ಎಂದು ಬರೆದವಳು ನಾನೇ. ಕಳಿಸಿ, ದಿನಾ ಕಳಿಸಿ ಎಂದಷ್ಟೇ ಹೇಳಿ ಜೀಪು ಹತ್ತಿದೆ. ಬಿಸಾಕಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಈಗ ಇಲ್ಲಿ ಹೇಳುತ್ತಿದ್ದೇನೆ.

ಮಾರನೇ ದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಗುಂಪಿನೊಳಗೆ ಪಿ ಸೇರಿಸಿದೆ. ಎಂಟು ಹತ್ತಕ್ಕೆ ಅವರ ಮೆಸೇಜು ಬಂತು. ಸ್ಟೇಷನ್, ಗಂಟೆ, ತೋಡು, ಜನ, ಕೊನೆಗೆ ಮಳೆ. ಜನ ಮೂವತ್ತನಾಲ್ಕು. ಬಂದ ಮೆಸೇಜುಗಳ ಮೂಲ ಪ್ರತಿಯನ್ನು ನಾವು ಅಳಿಸುತ್ತಿರಲಿಲ್ಲ. ಅವುಗಳನ್ನು ತೆರೆದು ಹಿಂದಕ್ಕೆ ಹೋದೆ. ಪ್ರತಿ ದಿನವೂ ಇತ್ತು, ಒಂದು ದಿನ ತಪ್ಪಿರಲಿಲ್ಲ. ಬರೆ ಜರಿದ ದಿನ ಬೆಳಿಗ್ಗೆಯದನ್ನು ಹುಡುಕಿದೆ: ಪಿ ಮೂವತ್ತನಾಲ್ಕು. ಅದರ ಮಾರನೇ ಬೆಳಿಗ್ಗೆಯದನ್ನೂ ತೆರೆದೆ. ಲೈನು ಮಣ್ಣಾದ ಮೇಲೆ ಶಾಲೆಯಲ್ಲಿ ಕೂತು, ಒಬ್ಬೊಬ್ಬರನ್ನಾಗಿ ಎಣಿಸಿ ಕಳಿಸಿದ್ದರು. ಪಿ ಮೂವತ್ತನಾಲ್ಕು.